ಧಾಟಿ ಯಾರದು ಅಂತ ಯಂತ್ರ ಬರೆಯುವುದಿಲ್ಲ

ಕೊಪ್ಪಳದಲ್ಲಿ ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ಫ್ಲೆಕ್ಸ್ ಅಂಗಡಿಯವರಿಗೆ ನಿದ್ದೆ ಇರುವುದಿಲ್ಲ. ನಮ್ಮ ಓಣಿಯ ಹುಡುಗರು ಜಾತ್ರೆಗೆ ಕುಡಿಯುವ ನೀರಿನ ಟೆಂಟ್ ಹಾಕುತ್ತಾರೆ. ಅದಕ್ಕೊಂದು ಬ್ಯಾನರ್ ಮಾಡಿಸಲು ನಾನು ಹೋಗಿದ್ದೆ. ಅಂಗಡಿಯ ಹುಡುಗ ಅಳತೆ ಕೇಳಿದ, ಹೆಸರುಗಳ ಚೀಟಿ ಇಸಿದುಕೊಂಡ. ಆಮೇಲೆ ತಾನೇ ಹೇಳಿದ: "ಸರ, ಕಿನ್ನಾಳ ಗೊಂಬಿ ಹಂಗ ಒಂದು ಬಸವಣ್ಣನ್ನ ಕೂಡ್ರಸೂಣೇನ್ರಿ?"

ಎಐ ತೆರೆದು ಇಂಗ್ಲಿಷಿನಲ್ಲಿ ಒಂದು ಸಾಲು ಹೊಡೆದ. ಮರದ ಗೊಂಬೆಗೆ ಹೆಸರಾದ ನಮ್ಮ ಹತ್ತಿರದ ಊರು ಕಿನ್ನಾಳದ ಹೆಸರು ಅದರಲ್ಲಿತ್ತು. ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ನಾಲ್ಕು ಎತ್ತುಗಳು ಬಂದು ನಿಂತವು. ದಟ್ಟ ಕೆಂಪು, ಹಸಿರು, ಹಳದಿ. ಅಗಲ ಕಣ್ಣು. ಕೊರಳ ಗೆಜ್ಜೆ ಸರ ಬಂಗಾರದ ಹಾಗೆ ಮಿಂಚುತ್ತಿತ್ತು. ಅವನು ಮೂರನೆಯದನ್ನು ಆರಿಸಿ, ಹಿಂದಿನ ಬಣ್ಣ ಕತ್ತರಿಸಿ, ನುಡಿ ಅಕ್ಷರಗಳನ್ನು ಕೂಡಿಸಿದ. ಬ್ಯಾನರ್ ಚೆನ್ನಾಗಿಯೇ ಬಂತು.

ಮೂರು ದಿನದ ಮೇಲೆ ಬಸ್‌ಸ್ಟ್ಯಾಂಡ್ ಕಡೆ ಇನ್ನೊಂದು ಬ್ಯಾನರ್ ಎದ್ದಿತ್ತು. ಬೇರೆ ಅಂಗಡಿಯದು. ಅದೇ ಎತ್ತು. ನಮ್ಮದು ಬಲಕ್ಕೆ ನೋಡುತ್ತಿತ್ತು, ಅದು ಎಡಕ್ಕೆ. ನಮ್ಮ ಹುಡುಗನಿಗೆ ಸಿಟ್ಟು ತಡೆಯಲಾಗಲಿಲ್ಲ. "ನನ್ನ ಬಸವಣ್ಣನ್ನ ಎತ್ತಿಕೊಂಡು ಹೊಳ್ಳಿಸಿ ಹಾಕ್ಯಾನ ನೋಡ್ರಿ ಸರ. ಕೇಸ್ ಹಾಕಾಕ ಬರ್ತೈತೇನ್ರಿ?"

ನಾನು ವಕೀಲನಲ್ಲ. ಆದರೆ ಡಿಟಿಪಿ, ಪ್ರೆಸ್, ಪ್ರೂಫ್ ನಡುವೆಯೇ 20 ವರ್ಷ ಕಳೆದವನು. ಕಾಪಿರೈಟ್ ಜಗಳ ನನಗೆ ಹೊಸದಲ್ಲ. ಆದರೂ ಈ ಪ್ರಶ್ನೆಗೆ ಅಲ್ಲಿಯೇ ಉತ್ತರ ಹೇಳಲು ಬರಲಿಲ್ಲ. "ನನ್ನ ಬಸವಣ್ಣ" ಅಂದನಲ್ಲ, ಆ "ನನ್ನ" ಅನ್ನುವುದರ ಮೇಲೆಯೇ ನನಗೆ ಅನುಮಾನ. ಸಾಲು ಹೊಡೆದವನು ಅವನು. ಚಿತ್ರ ಬರೆದದ್ದು ಯಾವುದೋ ಕಂಪನಿಯ ಯಂತ್ರ. ಆ ಯಂತ್ರ ಕಲಿತದ್ದು ಯಾರೋ ತೆಗೆದು ಇಂಟರ್ನೆಟ್ಟಿಗೆ ಹಾಕಿದ ಫೋಟೊಗಳಿಂದ. ಫೋಟೊದಲ್ಲಿದ್ದ ಗೊಂಬೆ ಮಾಡಿದವರು ಕಿನ್ನಾಳದ ಚಿತ್ರಗಾರರು.

ನಮ್ಮ ಕಾಪಿರೈಟ್ ಕಾನೂನು 1957ರದ್ದು. ಅದಕ್ಕೆ 1994ರಲ್ಲಿ ಒಂದು ಸಾಲು ಸೇರಿಸಿದರು. ಸೆಕ್ಷನ್ 2(ಡಿ)(6). ಕಂಪ್ಯೂಟರ್‌ನಿಂದ ತಯಾರಾದ ಸಾಹಿತ್ಯ, ಸಂಗೀತ, ಚಿತ್ರಗಳಿಗೆ, ಅದು ತಯಾರಾಗುವಂತೆ ಮಾಡಿದ ವ್ಯಕ್ತಿಯೇ ಕರ್ತೃ ಎನ್ನುವುದು ಅದರ ತಿರುಳು. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಉದ್ದ ಸಾಲು ಬೇಕು. ಕನ್ನಡದಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಬರೆದವನು ಬೇರೆ, ಬರೆಸಿದವನು ಬೇರೆ. ಕಟ್ಟಿದವನು ಬೇರೆ, ಕಟ್ಟಿಸಿದವನು ಬೇರೆ. ನಮ್ಮ ಹಳೆಯ ಶಾಸನಗಳಲ್ಲಿ ಎಷ್ಟೋ ಕಡೆ ಶಾಸನ ಹಾಕಿಸಿದವನ ಹೆಸರೂ ಇದೆ, ಕಲ್ಲಿನಲ್ಲಿ ಕಂಡರಿಸಿದವನ ಹೆಸರೂ ಇದೆ. 1994ರ ಸಾಲು ಹಕ್ಕನ್ನು ಬರೆಸಿದವನಿಗೆ ಕೊಟ್ಟಿತು. ಆಗ ಅದರಲ್ಲಿ ತಪ್ಪೇನೂ ಇರಲಿಲ್ಲ. ಕಂಪ್ಯೂಟರ್ ಅಂದರೆ ಆಗ ಹೇಳಿದಷ್ಟೇ ಮಾಡುವ ಯಂತ್ರ. ಗೆರೆ ಎಲ್ಲಿಂದ ಎಲ್ಲಿಗೆ ಅಂತ ಹೇಳಿದರೆ ಎಳೆಯುತ್ತಿತ್ತು, ಇಲ್ಲದಿದ್ದರೆ ಸುಮ್ನೆ ಕೂರುತ್ತಿತ್ತು.

ಈಗ ನಮ್ಮ ಹುಡುಗ "ಬರೆಸಿದವನು" ಹೌದಾ? ಎತ್ತಿನ ಕಣ್ಣು ಎಷ್ಟು ಅಗಲ ಇರಬೇಕು ಅಂತ ಅವನು ಹೇಳಲಿಲ್ಲ. ಗೆಜ್ಜೆ ಸರ ಇರಬೇಕು ಅಂತಲೂ ಹೇಳಲಿಲ್ಲ. ನಾಲ್ಕರಲ್ಲಿ ಒಂದನ್ನು ಆರಿಸಿದ, ಅಷ್ಟೇ. ಕರ್ತೃ ಆಗುವುದು ಒಂದು, ಕೃತಿ ಸ್ವಂತದ್ದು ಆಗುವುದು ಇನ್ನೊಂದು. ಎರಡೂ ಬೇಕು. ಡಿ.ಬಿ. ಮೋದಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಬರೀ ದುಡಿಮೆ ಸಾಲದು, ಕೌಶಲ ಮತ್ತು ವಿವೇಚನೆ ಬೇಕು, ಜೊತೆಗೆ ಸ್ವಲ್ಪವಾದರೂ ಸೃಜನಶೀಲತೆ ಕಾಣಬೇಕು. ಅದು 2007ರ ಡಿಸೆಂಬರ್‌ನ ತೀರ್ಪು. ಎಐಗೆ ಹೊಡೆಯುವ ಸೂಚನೆಗೆ ಪ್ರಾಂಪ್ಟ್ ಅನ್ನುತ್ತಾರೆ. ಒಂದು ಸಾಲಿನ ಪ್ರಾಂಪ್ಟ್ ಈ ಅಳತೆ ದಾಟುತ್ತದಾ? ನನಗೆ ಅನುಮಾನ.

ಹೊರಗಿನವರೂ ಒಂದೇ ಮಾತು ಹೇಳಿಲ್ಲ. ಅಮೆರಿಕದ ಕಾಪಿರೈಟ್ ಕಚೇರಿ 2023ರಲ್ಲಿ ಒಂದು ಕಾಮಿಕ್ಸ್ ಪುಸ್ತಕದ ವಿಷಯದಲ್ಲಿ ಅದನ್ನು ಸೀಳಿ ನೋಡಿತು. ಕಥೆ, ಮಾತು, ಪುಟ ಜೋಡಿಸಿದ ರೀತಿಗೆ ಲೇಖಕಿಗೆ ಹಕ್ಕು ಉಂಟು, ಎಐ ಬರೆದ ಒಂದೊಂದು ಚಿತ್ರಕ್ಕೆ ಇಲ್ಲ ಎಂದಿತು. ಯಂತ್ರವೇ ಕರ್ತೃ ಎಂದು ಹಟ ಹಿಡಿದ ಸ್ಟೀಫನ್ ಥೇಲರ್ ಅವರ ಅರ್ಜಿಯನ್ನು ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟ್ 2025ರ ಮಾರ್ಚ್‌ನಲ್ಲಿ ತಳ್ಳಿಹಾಕಿತು. ಕರ್ತೃ ಅಂದರೆ ಮನುಷ್ಯನೇ ಆಗಿರಬೇಕು ಎಂಬುದು ಅದರ ಮಾತು. ಬೀಜಿಂಗ್ ಇಂಟರ್ನೆಟ್ ಕೋರ್ಟ್ ಮಾತ್ರ 2023ರ ನವೆಂಬರ್‌ನಲ್ಲಿ ಉಲ್ಟಾ ಹೇಳಿತು: ಪ್ರಾಂಪ್ಟ್ ತಿದ್ದಿ ತಿದ್ದಿ ತನಗೆ ಬೇಕಾದ ಚಿತ್ರ ಬರಿಸಿಕೊಂಡವನಿಗೆ ಹಕ್ಕು ಇದೆ. ನಮ್ಮಲ್ಲಿ 2020ರಲ್ಲಿ ಒಂದು ಎಐ ಚಿತ್ರಕ್ಕೆ ಮನುಷ್ಯನನ್ನೂ ಯಂತ್ರವನ್ನೂ ಜೊತೆ ಕರ್ತೃಗಳೆಂದು ನೋಂದಣಿ ಮಾಡಿಕೊಟ್ಟು, ಮರುವರ್ಷ ಆ ನೋಂದಣಿಯನ್ನು ಹಿಂದಕ್ಕೆ ಪಡೆಯುವ ನೋಟಿಸ್ ಕಳಿಸಿದರು. ಕೊಟ್ಟ ಕೈಯಲ್ಲೇ ಕಸಿದುಕೊಳ್ಳುವುದು ಅಂದರೆ ಇದೇ ಅಲ್ವಾ.

ಹಾಗಾಗಿ ಹುಡುಗನಿಗೆ ಹೇಳಿದೆ: ಎತ್ತು ನಿನ್ನದು ಅನ್ನುವುದು ಕಷ್ಟ. ಆದರೆ ಇಡೀ ಬ್ಯಾನರ್, ಅಂದರೆ ಅಕ್ಷರ ಎಲ್ಲಿ, ಎತ್ತು ಎಲ್ಲಿ, ಬಣ್ಣ ಯಾವುದು ಅಂತ ನೀನು ಜೋಡಿಸಿದ್ದು ಇದೆಯಲ್ಲ, ಅದಕ್ಕೆ ಒಂದಷ್ಟು ಹಕ್ಕು ಉಂಟು. ತೆಳ್ಳನೆಯ ಹಕ್ಕು. ಆ ಇನ್ನೊಂದು ಅಂಗಡಿಯವನು ಅದನ್ನು ಕದ್ದಿಲ್ಲ, ಎತ್ತನ್ನಷ್ಟೇ ಹಾಕಿದ್ದಾನೆ.

ಕದ್ದಿದ್ದಾನೆ ಅನ್ನುವುದಾದರೂ ಖಾತ್ರಿಯೇ? ಇದು ನನಗೆ ಮನೆಗೆ ಬಂದ ಮೇಲೆ ಹೊಳೆದದ್ದು. ಕಾಪಿರೈಟ್ ಉಲ್ಲಂಘನೆ ಆಗಬೇಕಾದರೆ ನಕಲು ಆಗಿರಬೇಕು. ಇಬ್ಬರು ತಮ್ಮಷ್ಟಕ್ಕೆ ತಾವು ಒಂದೇ ಥರದ್ದನ್ನು ಮಾಡಿದರೆ ತಪ್ಪಿಲ್ಲ. ಮೊದಲೆಲ್ಲ ಅಂಥದ್ದು ಲಕ್ಷಕ್ಕೊಂದು. ಒಂದೇ ಎತ್ತು ಎರಡು ಕಡೆ ಕಂಡರೆ ಕೋರ್ಟೂ ಕಳ್ಳತನ ಅಂತಲೇ ಅನುಮಾನಿಸುತ್ತಿತ್ತು. ಈಗ? ಆ ಇನ್ನೊಂದು ಅಂಗಡಿಯವನೂ ಅದೇ ಎಐ ತೆರೆದು ಅದೇ ಸಾಲು ಹೊಡೆದಿರಬಹುದು. ಅವನಿಗೂ ಅಣ್ಣ-ತಮ್ಮನಂಥ ಎತ್ತು ಬಂದಿರಬಹುದು. ಹೋಲಿಕೆ ಕಂಡರೆ ನಕಲು ಅನ್ನುವ ಹಳೆಯ ಲೆಕ್ಕ ಇಲ್ಲಿ ಕೈಕೊಡುತ್ತದೆ.

ಒಂದು ಭಾನುವಾರ ಕಿನ್ನಾಳಕ್ಕೆ ಹೋದೆ. ಕೊಪ್ಪಳದಿಂದ ಬೈಕಿನಲ್ಲಿ ಅರ್ಧ ತಾಸೂ ಬೇಡ. ಪರಿಚಯದ ಚಿತ್ರಗಾರರ ಮನೆ ಪಡಸಾಲೆಯಲ್ಲಿ ಕೂತೆ. ಹಗುರ ಮರದ ತುಂಡುಗಳನ್ನು ಕೆತ್ತಿ ಜೋಡಿಸಿದ್ದರು. ಕೂಡಿಸಿದ ಜಾಗದ ಮೇಲೆ ಕಿಟ್ಟ ಮೆತ್ತಿದ್ದರು. ಕಿಟ್ಟ ಅಂದರೆ ನೆನೆಸಿದ ಗೋಣಿನಾರು ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು ಸೇರಿಸಿ, ಹುಣಸೆ ಬೀಜದ ಸರಿಯಲ್ಲಿ ಕಲಸಿದ್ದು. ಮೈಮೇಲಿನ ಒಡವೆ ಉಬ್ಬಿ ಕಾಣುವುದಕ್ಕೆ ಬೆಣಚುಕಲ್ಲಿನ ಪುಡಿ ಮತ್ತು ಅಂಟು. ಬೆರಳಿನಲ್ಲಿ ಅದನ್ನು ಎಳೆ ಎಳೆಯಾಗಿ ಬಿಡುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಹಂಪಿಯ ವಿರೂಪಾಕ್ಷ ಗುಡಿಯ ಮೇಲ್ಛಾವಣಿಯ ಚಿತ್ರ ಬರೆದವರು ತಮ್ಮ ಹಿರಿಯರೇ ಎಂದು ಇಲ್ಲಿಯವರು ಹೇಳುತ್ತಾರೆ.

ಮೊಬೈಲ್ ತೆಗೆದು ಬ್ಯಾನರಿನ ಎತ್ತು ತೋರಿಸಿದೆ. ಹಿರಿಯರು ಕನ್ನಡಕ ಏರಿಸಿ ನೋಡಿದರು. "ಕೊಂಬು ತಪ್ಪ್ಯಾವ" ಅಂದರು ಮೊದಲು. ಆಮೇಲೆ, "ಬಣ್ಣ ನಮ್ದ." ಇದು ಹೇಗೆ ಬಂತು ಅಂತ ಹೇಳಿದೆ. ಊರ ಹೆಸರು ಹಾಕಿ ಕೇಳಿದರೆ ಬರುತ್ತದೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನಮ್ಮ ಹೆಸರು ಹೊಡದ್ರ ಬರ್ತೈತಿ ಅಂದ ಮ್ಯಾಲ, ನಮ್ದು ಅದರಾಗ ಐತಿ ಅಂದಂಗ ಆಗಲಿಲ್ಲೇನು?"

ದೊಡ್ಡ ದೊಡ್ಡ ಕೋರ್ಟುಗಳಲ್ಲಿ ನಡೆಯುವ ವಾದವನ್ನು ನಾನು ಇಷ್ಟು ಚಿಕ್ಕದಾಗಿ ಬೇರೆಲ್ಲೂ ಕೇಳಿಲ್ಲ.

ಕಾನೂನಿನ ಪ್ರಕಾರ ಅವರಿಗೆ ಎಷ್ಟು ರಕ್ಷಣೆ? ಕಿನ್ನಾಳ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ನಾವು ಜಿಐ ಟ್ಯಾಗ್ ಅನ್ನುತ್ತೇವೆ. ಬೇರೆ ಎಲ್ಲೋ ಮಾಡಿದ ಗೊಂಬೆಯನ್ನು ಕಿನ್ನಾಳದ್ದು ಅಂತ ಮಾರಿದರೆ ಕೇಸ್ ಹಾಕಬಹುದು. ಆದರೆ ಅದು ಕಾಯುವುದು ಹೆಸರನ್ನು, ನೋಟವನ್ನಲ್ಲ. ಬ್ಯಾನರಿನ ಮೇಲೆ ಎತ್ತು ಬರೆದು ಕಿನ್ನಾಳ ಅಂತ ಬರೆಯದಿದ್ದರೆ ಜಿಐ ಸುಮ್ಮನಿರುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೂ ಇದೇ ಮಾತು.

ಕಾಪಿರೈಟ್ ಇನ್ನೂ ದೂರ. ಒಂದೊಂದು ಗೊಂಬೆಗೆ ಹಕ್ಕು ಇರಬಹುದು, ಆ ಶೈಲಿಗೆ ಇಲ್ಲ. 1978ರಲ್ಲಿ ಆರ್.ಜಿ. ಆನಂದ್ ಎಂಬ ನಾಟಕಕಾರರು ತಮ್ಮ ನಾಟಕವನ್ನು ಸಿನಿಮಾದವರು ಎತ್ತಿಕೊಂಡಿದ್ದಾರೆ ಎಂದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಸೋತರು. ವಿಚಾರ, ವಸ್ತು, ಕಥೆಯ ಎಳೆ ಯಾರ ಸ್ವತ್ತೂ ಅಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಹಕ್ಕು ಎಂದು ಕೋರ್ಟ್ ಹೇಳಿತು. ಇವತ್ತಿಗೂ ನಮ್ಮ ವಕೀಲರು ಮೊದಲು ತೆಗೆಯುವ ತೀರ್ಪು ಇದೇ.

ಈ ನಿಯಮವನ್ನು ನಾನು ಬೈಯಲಾರೆ. ಇದು ಇಲ್ಲದಿದ್ದರೆ ನಮ್ಮ ಸೀಮೆಯಲ್ಲಿ ಒಂದು ಬಯಲಾಟವೂ ಏಳುತ್ತಿರಲಿಲ್ಲ. ಭಜನೆ ಮೇಳದವರ ಹಳೆಯ ನೋಟ್‌ಬುಕ್ ತೆಗೆದು ನೋಡಿ. ಹಾಡಿನ ತಲೆಯ ಮೇಲೆ ಒಂದು ಸಾಲು ಇರುತ್ತದೆ: "ಧಾಟಿ:" ಅಂತ ಬರೆದು, ಪಕ್ಕದಲ್ಲಿ ಯಾವುದೋ ಹಳೆಯ ಹಾಡಿನ ಮೊದಲ ನಾಲ್ಕು ಪದ. ಕೆಲವರು "ಮಟ್ಟು" ಅನ್ನುತ್ತಾರೆ. ಕಂಪನಿ ನಾಟಕದ ಹಾಡಿನ ಪುಸ್ತಕಗಳಲ್ಲೂ ಹೀಗೆಯೇ. ರಾಯಚೂರು ಸೀಮೆ ದಾಸರ ಸೀಮೆ. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು. ಒಬ್ಬರ ಹಾಡಿನ ನಡೆ ಇನ್ನೊಬ್ಬರಲ್ಲಿ ಕೇಳಿಸುತ್ತದೆ, ಒಬ್ಬೊಬ್ಬರ ಅಂಕಿತ ಮಾತ್ರ ಬೇರೆ. ತೆಗೆದುಕೊಳ್ಳುವುದು ತಪ್ಪಾಗಿರಲಿಲ್ಲ. ಎಲ್ಲಿಂದ ತೆಗೆದುಕೊಂಡೆ ಅಂತ ಹೇಳುವುದು ರೂಢಿಯಾಗಿತ್ತು. ಕೊನೆಗೆ ತನ್ನ ಅಂಕಿತ ಹಾಕುವುದೂ ರೂಢಿಯಾಗಿತ್ತು.

ಶೈಲಿ ಎಲ್ಲರದ್ದು ಅಂತ ಕಾನೂನು ಬಿಟ್ಟುಕೊಟ್ಟಾಗ ಅದರ ಹಿಂದೆ ಯಾರೂ ಬರೆದಿಡದ ಒಂದು ನಂಬಿಕೆ ಇತ್ತು. ಶೈಲಿ ಕಲಿಯಲು ವರ್ಷಗಳು ಬೇಕು. ಕಿಟ್ಟ ಕಲಸಿ ಕಲಸಿ ಕೈ ಒಡೆಯಬೇಕು. ಮೇಳದ ಹಿಂದೆ ಹತ್ತು ಜಾತ್ರೆ ತಾಳ ಹಾಕಬೇಕು. ಅಷ್ಟು ಹೊತ್ತಿಗೆ ಕಲಿತವನು ಆ ಮನೆಯವನೇ ಆಗಿಬಿಟ್ಟಿರುತ್ತಾನೆ, ಕೊನೆಗೆ ತನ್ನದೇ ಏನೋ ಸೇರಿಸಿರುತ್ತಾನೆ. ಆ ವರ್ಷಗಳೇ ಬೇಲಿ. ಕಾನೂನು ಬೇರೆ ಬೇಲಿ ಹಾಕಬೇಕಾದ ಅಗತ್ಯವೇ ಬರಲಿಲ್ಲ. ಎಐ ಕಿತ್ತದ್ದು ಈ ಬೇಲಿಯನ್ನು. ಕಾನೂನಿನ ಒಂದು ಅಕ್ಷರವನ್ನೂ ಮುರಿಯದೆ ಅದು ಶೈಲಿಯನ್ನು ಒಂದು ಗುಟುಕು ಚಹಾದ ಹೊತ್ತಿಗೆ ಇಳಿಸಿದೆ. ಧಾಟಿಯ ಸಾಲನ್ನೂ ಅಳಿಸಿದೆ.

ಹಿರಿಯರ ಪ್ರಶ್ನೆಗೆ ಬರೋಣ. ಅವರದ್ದು "ಅದರಾಗ" ಇದೆಯಾ? ಚಿತ್ರ ಬರೆಯುವ ಎಐ ಕಲಿಯುವುದು ಕೋಟಿಗಟ್ಟಲೆ ಫೋಟೊ ಮತ್ತು ಅವುಗಳ ಜೊತೆ ಬರೆದ ಮಾತುಗಳಿಂದ. ಕಿನ್ನಾಳ ಎಂಬ ಮಾತು ಬಂದಾಗಲೆಲ್ಲ ಇಂಥ ಬಣ್ಣ, ಇಂಥ ಕಣ್ಣು ಅಂತ ಅದು ಅಂಕಿಗಳಲ್ಲಿ ಗುರುತಿಟ್ಟುಕೊಳ್ಳುತ್ತದೆ. ಫೋಟೊಗಳನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಆದರೆ ಕಲಿಯುವ ಮೊದಲು ಆ ಫೋಟೊಗಳನ್ನು ಒಂದು ಸಲವಾದರೂ ಇಳಿಸಿಕೊಳ್ಳಲೇಬೇಕು. ಆ ಇಳಿಸಿಕೊಳ್ಳುವುದೇ ನಕಲು ಅಲ್ವಾ ಅನ್ನುವುದು ಒಂದು ಜಗಳ. ಕಲಿತ ಮೇಲೆ ಉಳಿದ ಅಂಕಿಗಳ ರಾಶಿಯೂ ನಕಲೇ ಅನ್ನುವುದು ಇನ್ನೊಂದು.

ಎರಡನೆಯ ಜಗಳಕ್ಕೆ 2025ರ ನವೆಂಬರ್‌ನಲ್ಲಿ ಒಂದೇ ವಾರದ ಅಂತರದಲ್ಲಿ ಎರಡು ಉತ್ತರ ಬಂದವು. ಫೋಟೊ ಮಾರುವ ಗೆಟ್ಟಿ ಇಮೇಜಸ್ ಒಂದು ಎಐ ಕಂಪನಿ ಮೇಲೆ ಹಾಕಿದ್ದ ಕೇಸಿನಲ್ಲಿ ಲಂಡನ್ನಿನ ಹೈಕೋರ್ಟ್, ಚಿತ್ರ ಬರೆಯುವ ಆ ಎಐ ಮಾದರಿಯೊಳಗೆ ಚಿತ್ರಗಳು ಕೂತಿಲ್ಲ, ಹಾಗಾಗಿ ಅದು ನಕಲು ಪ್ರತಿ ಅಲ್ಲ ಎಂದಿತು. ಹಾಡುಗಳ ಹಕ್ಕು ನೋಡಿಕೊಳ್ಳುವ ಗೇಮಾ ಸಂಸ್ಥೆ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ಮೇಲೆ ಹಾಕಿದ ಕೇಸಿನಲ್ಲಿ ಮ್ಯೂನಿಕ್ ಕೋರ್ಟ್, ಕೇಳಿದರೆ ಹಾಡಿನ ಸಾಲುಗಳು ಇದ್ದಂತೆಯೇ ಬರುತ್ತವೆ ಅಂದ ಮೇಲೆ ಅವು ಒಳಗೆ ಬಾಯಿಪಾಠ ಆಗಿವೆ, ಅದೂ ನಕಲೇ ಎಂದಿತು. ನಮ್ಮ ಹಿರಿಯರ ಮಾತು ಮ್ಯೂನಿಕ್ಕಿನ ಕಡೆ ವಾಲುತ್ತದೆ. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಬಂದದ್ದು ಸಾಲಿಗೆ ಸಾಲು. ಇಲ್ಲಿ ಬಂದದ್ದು ಧಾಟಿ.

ಭಾರತದಲ್ಲಿ ಈ ಪ್ರಶ್ನೆ ಎದ್ದದ್ದು 2024ರ ನವೆಂಬರ್‌ನಲ್ಲಿ, ಎಎನ್‌ಐ ಸುದ್ದಿಸಂಸ್ಥೆ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದಾಗ. ಕೋರ್ಟ್ ನಾಲ್ಕು ಪ್ರಶ್ನೆ ಮುಂದಿಟ್ಟಿತು: ಕಲಿಸಲು ಸುದ್ದಿಯನ್ನು ಕೂಡಿಟ್ಟುಕೊಂಡರೆ ಅದು ಉಲ್ಲಂಘನೆಯಾ, ಉತ್ತರ ಕೊಡಲು ಬಳಸಿದರೆ ಉಲ್ಲಂಘನೆಯಾ, ಅನುಮತಿ ಇಲ್ಲದೆ ಬಳಸಲು ಸೆಕ್ಷನ್ 52 ಕೊಡುವ ರಿಯಾಯಿತಿ ಇದಕ್ಕೆ ಸಿಗುತ್ತದಾ, ಸರ್ವರ್ ಹೊರದೇಶದಲ್ಲಿದ್ದರೆ ನಮ್ಮ ಕೋರ್ಟಿಗೆ ಅಧಿಕಾರ ಇದೆಯಾ. ಮೂರನೆಯದೇ ಗಂಟು. ಅಮೆರಿಕದಲ್ಲಿ ನ್ಯಾಯವಾದ ಬಳಕೆ (ಫೇರ್ ಯೂಸ್) ಅನ್ನುವ ಇಂಥದ್ದೇ ರಿಯಾಯಿತಿ ಜಗ್ಗುವ ರಬ್ಬರು, ಜಡ್ಜ್ ಸಾಹೇಬರು ಎಳೆದಷ್ಟು ಬರುತ್ತದೆ. ನಮ್ಮ ಸೆಕ್ಷನ್ 52 ಹಾಗಲ್ಲ, ಅದು ಪಟ್ಟಿ. ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ, ಸುದ್ದಿ ವರದಿ ಅಂತ ಎಣಿಸಿ ಹೇಳಿದೆ.

ಆ ಪಟ್ಟಿ ಓದಿದರೆ ನನಗೆ ಯಾವಾಗಲೂ ಖುಷಿ. ಊರಿನ ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ನಾಟಕ ಆಡಬಹುದು. ಧಾರ್ಮಿಕ ಕಾರ್ಯದಲ್ಲಿ ಹಾಡು ಹಾಕಬಹುದು, ಮದುವೆ ಮೆರವಣಿಗೆಯೂ ಅದರೊಳಗೆ ಬರುತ್ತದೆ. ಯಾರೋ ಹಳ್ಳಿ ನೋಡಿದವರೇ ಕೂತು ಬರೆದ ಹಾಗಿದೆ. ಇಷ್ಟೆಲ್ಲ ಎಣಿಸಿದವರು ಯಂತ್ರಕ್ಕೆ ಕಲಿಸುವುದನ್ನು ಎಣಿಸಲಿಲ್ಲ, ಎಣಿಸಲು ಸಾಧ್ಯವೂ ಇರಲಿಲ್ಲ. ಈಗ ಕಂಪನಿಗಳು "ಸಂಶೋಧನೆ" ಎಂಬ ಪದದ ಬಾಗಿಲಿನಿಂದ ಒಳಗೆ ಬರಲು ನೋಡುತ್ತಿವೆ. ಆ ಬಾಗಿಲು ಖಾಸಗಿ ಅಥವಾ ಸ್ವಂತ ಬಳಕೆಯ ಸಂಶೋಧನೆಗೆ ತೆರೆದದ್ದು. ತಿಂಗಳ ಚಂದಾ ವಸೂಲಿ ಮಾಡುವ ವ್ಯಾಪಾರ ಅದರಲ್ಲಿ ಹಿಡಿಸುತ್ತದೆ ಅಂತ ನನಗೆ ಅನಿಸುವುದಿಲ್ಲ.

ಒಂದು ಕೃತಿಯಿಂದ ಹುಟ್ಟುವ ಇನ್ನೊಂದು ಕೃತಿಯ ವಿಷಯವೂ ಇದೆ. ಇಂಗ್ಲಿಷಿನವರು ಡಿರೈವೆಟಿವ್ ವರ್ಕ್ ಅನ್ನುತ್ತಾರೆ. ನಮ್ಮ ಕಾನೂನು ಆ ಪದಕ್ಕಿಂತ ರೂಪಾಂತರ, ಅನುವಾದ ಎಂಬ ಪದಗಳ ಮೇಲೆ ನಿಂತಿದೆ. ಎರಡೂ ಸೆಕ್ಷನ್ 14ರಲ್ಲಿ ಮೂಲ ಲೇಖಕರ ಹಕ್ಕು. ಒಂದು ಉದಾಹರಣೆ ತೆಗೆದುಕೊಳ್ಳಿ. ಕಾವ್ಯಾನಂದ ಸಿದ್ಧಯ್ಯ ಪುರಾಣಿಕರು ನಮ್ಮ ಯಲಬುರ್ಗಾ ಸೀಮೆಯವರು, ತೀರಿಕೊಂಡದ್ದು 1994ರಲ್ಲಿ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಅಂದರೆ ಅವರ ಬರಹದ ಹಕ್ಕು 2054ರ ಕೊನೆವರೆಗೆ. ಅವರ ಕವನ ಸಂಕಲನವನ್ನು ಯಾರೋ ಎಐ ಕೈಲಿ ಇಂಗ್ಲಿಷಿಗೆ ತಿರುಗಿಸಿ ಮಾರಾಟಕ್ಕೆ ಹಾಕಿದರು ಅಂದುಕೊಳ್ಳಿ. ಅದು ಉಲ್ಲಂಘನೆ, ಮಾತೇ ಇಲ್ಲ. ಕೈಯಿಂದ ಮಾಡಿದರೂ ಅಷ್ಟೇ, ಯಂತ್ರದಿಂದ ಮಾಡಿದರೂ ಅಷ್ಟೇ.

ಈಗ ಕುಟುಂಬದವರೇ ಅನುಮತಿ ಕೊಟ್ಟರು ಅಂದುಕೊಳ್ಳಿ. ಮನುಷ್ಯ ಅನುವಾದಕರಾದರೆ ತಮ್ಮ ಅನುವಾದದ ಮೇಲೆ ಅವರಿಗೆ ಪ್ರತ್ಯೇಕ ಹಕ್ಕು ಬರುತ್ತದೆ, ಪದ ಹುಡುಕಿ ತಿಣುಕಿದ್ದಕ್ಕೆ. ಯಂತ್ರ ಒಂದೇ ಒತ್ತಿಗೆ ಮಾಡಿದ್ದರೆ? ಆ ಅನುವಾದಕ್ಕೆ ಹಕ್ಕೇ ಹುಟ್ಟದೆ ಹೋಗಬಹುದು. ಪ್ರಕಾಶಕರು ದುಡ್ಡು ಹಾಕಿ ಅಚ್ಚು ಮಾಡಿದ ಮರುದಿನ ಇನ್ನೊಬ್ಬರು ಅದೇ ಇಂಗ್ಲಿಷ್ ಪಾಠ ಎತ್ತಿ ಹಾಕಿದರೆ, ಅನುವಾದದ ಹೆಸರಿನಲ್ಲಿ ಅವರು ಏನೂ ಮಾಡಲಾರರು. ಮೂಲ ಕವನದ ಹಕ್ಕು ಇರುವವರೇ ಹೋಗಿ ನಿಲ್ಲಬೇಕು. ತಪ್ಪು ಮಾಡಿದರೆ ಹೊಣೆ ಪೂರ್ತಿ ನಿಮ್ಮದು, ಸರಿ ಮಾಡಿದರೆ ಸ್ವತ್ತು ನಿಮ್ಮದಲ್ಲ. ಅನುವಾದಕ್ಕೆ ಎಐ ಬಳಸುವ ನನ್ನ ಪ್ರಕಾಶಕ ಗೆಳೆಯರಿಗೆ ಇದನ್ನು ಹೇಳಿದರೆ ನಗುತ್ತಾರೆ. ಒಂದು ದಿನ ಪೆಟ್ಟು ಬಿದ್ದಾಗ ಗೊತ್ತಾಗುತ್ತದೆ.

ಸಿನಿಮಾದಲ್ಲಿ ಈಗಾಗಲೇ ಒಂದು ಪೆಟ್ಟು ಬಿದ್ದಿದೆ. 2013ರ ಹಿಂದಿ ಚಿತ್ರ ರಾಂಝಣಾದ ತಮಿಳು ಅವತರಣಿಕೆಯನ್ನು 2025ರ ಆಗಸ್ಟ್‌ನಲ್ಲಿ ಮತ್ತೆ ತೆರೆಗೆ ತಂದರು. ಮೂಲದಲ್ಲಿ ನಾಯಕ ಸಾಯುತ್ತಾನೆ. ಹೊಸದರಲ್ಲಿ ಎಐ ಅವನನ್ನು ಬದುಕಿಸಿತು. ನಿರ್ದೇಶಕ ಆನಂದ್ ಎಲ್. ರೈ ಮತ್ತು ನಟ ಧನುಷ್ ಇಬ್ಬರೂ ಬಹಿರಂಗವಾಗಿ ವಿರೋಧಿಸಿದರು. ನಿರ್ಮಾಣ ಸಂಸ್ಥೆ ಹಕ್ಕು ನಮ್ಮದು ಎಂದಿತು. ನಮ್ಮ ಕಾನೂನು ಸಂಸ್ಥೆಯ ಕಡೆಗೇ ಇದೆ, ಯಾಕೆಂದರೆ ಸಿನಿಮಾದ ಕರ್ತೃ ನಿರ್ಮಾಪಕ. ನಿರ್ದೇಶಕನಲ್ಲ. ಕೃತಿಯನ್ನು ಕೆಡಿಸಿದರೆ ತಡೆಯುವ ವಿಶೇಷ ಹಕ್ಕು ಸೆಕ್ಷನ್ 57ರಲ್ಲಿ ಇದೆ, ಅದೂ ಕರ್ತೃವಿಗೆ ಮಾತ್ರ. ಮೊದಲಾದರೆ ಕ್ಲೈಮ್ಯಾಕ್ಸ್ ಬದಲಿಸಲು ನಟರನ್ನು ಕರೆಸಬೇಕಿತ್ತು, ನಿರ್ದೇಶಕ ಒಪ್ಪಬೇಕಿತ್ತು. ಇಲ್ಲೂ ಅದೇ ಕಥೆ: ಕೆಲಸ ಕಷ್ಟವಿತ್ತು ಅನ್ನುವುದೇ ಬೇಲಿಯಾಗಿತ್ತು.

ದನಿಯ ವಿಷಯ ನಮಗೆ ಇನ್ನೂ ಹತ್ತಿರದ್ದು. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆ ಆಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಅಂಥ ಕಲಾವಿದರು ಆಡುವ ರಾಮಾಯಣ, ಮಹಾಭಾರತಕ್ಕೆ ಕಾಪಿರೈಟ್ ಇಲ್ಲ. ಆದರೆ ಅವರ ಆಟಕ್ಕೆ ಪ್ರದರ್ಶಕರ ಹಕ್ಕು ಇದೆ, 50 ವರ್ಷ. ಕೇಳದೆ ರೆಕಾರ್ಡ್ ಮಾಡಿ ಮಾರಿದರೆ ತಪ್ಪು. ಈಗಿನ ಸಮಸ್ಯೆ ಏನೆಂದರೆ ಎಐ ರೆಕಾರ್ಡನ್ನು ಮಾರುವುದಿಲ್ಲ. ಮೊಬೈಲಿನಲ್ಲಿ ಹಿಡಿದು ಹಾಕಿದ ಹತ್ತು ನಿಮಿಷದ ದನಿ ಕೇಳಿ, ಆ ದನಿಯಲ್ಲಿ ಅವರು ಎಂದೂ ಹಾಡದ ಹಾಡು ಹಾಡಿಸುತ್ತದೆ. ಅದು ಹಳೆಯ ರೆಕಾರ್ಡಿನ ನಕಲಲ್ಲ, ಹೊಸದು. ದನಿಗೆ ಕಾಪಿರೈಟ್ ಇಲ್ಲ. 2024ರಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐನಲ್ಲಿ ನಕಲು ಮಾಡುವುದಕ್ಕೆ ತಡೆ ಕೊಟ್ಟಾಗ ಮುಖ್ಯವಾಗಿ ನಿಂತದ್ದು ವ್ಯಕ್ತಿತ್ವದ ಹಕ್ಕಿನ ಮೇಲೆ. ಆ ಹಕ್ಕು ಹೆಸರಾದವರಿಗೆ ಸುಲಭವಾಗಿ ಸಿಗುತ್ತದೆ. ಮುಂಬೈಯಲ್ಲಿ ವಕೀಲರನ್ನು ಇಡಲು ಆಗುವವರಿಗೆ ಇನ್ನೂ ಸುಲಭ.

ಇನ್ನು ದುಡ್ಡು. ಅಮೆರಿಕದಲ್ಲಿ ಆಂಥ್ರೊಪಿಕ್ ಎಂಬ ಎಐ ಕಂಪನಿ ವಿರುದ್ಧ ಲೇಖಕರು ಹಾಕಿದ ಕೇಸಿನಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಧೀಶರು ಎರಡು ಮಾತು ಹೇಳಿದರು. ಪುಸ್ತಕಗಳಿಂದ ಯಂತ್ರಕ್ಕೆ ಕಲಿಸುವುದು ನ್ಯಾಯವಾದ ಬಳಕೆ. ಆದರೆ ಪೈರಸಿ ತಾಣಗಳಿಂದ ಪುಸ್ತಕ ಇಳಿಸಿ ಗ್ರಂಥಾಲಯ ಕಟ್ಟಿಕೊಂಡದ್ದು ಅಲ್ಲ. ಕೊನೆಗೆ 150 ಕೋಟಿ ಡಾಲರ್‌ಗೆ ರಾಜಿಯಾಯಿತು, ಪುಸ್ತಕಕ್ಕೆ ಸುಮಾರು 3,000 ಡಾಲರ್, ಸುಮಾರು 5 ಲಕ್ಷ ಪುಸ್ತಕ. ನಮ್ಮ ಲೆಕ್ಕದಲ್ಲಿ ಒಂದು ಪುಸ್ತಕಕ್ಕೆ ಎರಡೂವರೆ ಲಕ್ಷ ರೂಪಾಯಿಗೂ ಜಾಸ್ತಿ. ಓದಿ ನಮ್ಮ ಲೇಖಕರ ಗುಂಪಿನಲ್ಲಿ ಗುಲ್ಲೋ ಗುಲ್ಲು. ಷರತ್ತು ಯಾರೂ ಓದಿರಲಿಲ್ಲ. ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ ನೋಂದಣಿಯಾದ ಪುಸ್ತಕಕ್ಕೆ ಮಾತ್ರ ಅದು. ಬಳ್ಳಾರಿಯಲ್ಲಿ 500 ಪ್ರತಿ ಅಚ್ಚು ಹಾಕಿ, 200 ಗೆಳೆಯರಿಗೆ ಹಂಚಿದವರು ಅಲ್ಲಿ ಯಾವಾಗ ನೋಂದಣಿ ಮಾಡಿಸುತ್ತಾರೆ? ಭಾರತದಲ್ಲಿ ಹಕ್ಕು ಹುಟ್ಟಲು ನೋಂದಣಿ ಬೇಕಿಲ್ಲ, ಬರೆದ ಕ್ಷಣಕ್ಕೆ ಹುಟ್ಟುತ್ತದೆ. ನಮಗೆ ಅದೇ ರೂಢಿ.

ನಮ್ಮ ಕೇಂದ್ರ ಸರ್ಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ (ಡಿಪಿಐಐಟಿ) 2025ರ ಡಿಸೆಂಬರ್‌ನಲ್ಲಿ ಒಂದು ಕರಡು ವರದಿ ಹೊರಗೆ ಬಿಟ್ಟಿತು. ಅದರ ಸಲಹೆ ಬೇರೆ ದೇಶಗಳಲ್ಲಿ ಇಲ್ಲದ ಥರದ್ದು. ಕಾನೂನುಬದ್ಧವಾಗಿ ಸಿಗುವ ಎಲ್ಲ ಕೃತಿಗಳಿಂದಲೂ ಎಐ ಕಂಪನಿಗಳು ಕಲಿಸಬಹುದು, ಯಾರ ಅನುಮತಿಯೂ ಬೇಡ. ಬೇಡ ಅನ್ನುವ ಹಕ್ಕು ಲೇಖಕರಿಗೆ ಇರುವುದಿಲ್ಲ. ಬದಲಿಗೆ ಕಂಪನಿಗಳು ರಾಯಧನ ಕಟ್ಟಬೇಕು, ಒಂದು ಕೇಂದ್ರ ಸಂಸ್ಥೆ ಅದನ್ನು ಕೂಡಿಸಿ ಹಂಚಬೇಕು. ಸಾಫ್ಟ್‌ವೇರ್ ಕಂಪನಿಗಳ ಸಂಘ ನಾಸ್ಕಾಂ ಇದನ್ನು ವಿರೋಧಿಸಿತು. ಯೂರೋಪಿನಲ್ಲಾದರೆ ನನ್ನದು ಬೇಡ ಎಂದು ಹಕ್ಕುದಾರರು ಗುರುತು ಹಾಕಬಹುದು.

ನನಗೆ ಈ ಸಲಹೆ ಅರ್ಧ ಇಷ್ಟ. ಬೇಡ ಅನ್ನುವ ಹಕ್ಕು ಕಾಗದದ ಮೇಲೆ ಚಂದ, ಕಿನ್ನಾಳದ ಹಿರಿಯರು ಅದನ್ನು ಎಲ್ಲಿ ಹೋಗಿ ಬಳಸುತ್ತಾರೆ? ಅವರ ಗೊಂಬೆಯ ಫೋಟೊ ತೆಗೆದವರು ಪ್ರವಾಸಿಗರು. ದುಡ್ಡಾದರೂ ಬರಲಿ ಅನ್ನುವುದು ವ್ಯವಹಾರದ ಮಾತು. ಆದರೆ ಹಂಚುವಾಗ ಯಾರ ಹೆಸರಿಗೆ? ಹಾಡಿನ ಕಂಪನಿಗಳಿಗೆ ರಾಯಧನ ಕೂಡಿಸಿ ಹಂಚುವ ಸೊಸೈಟಿ ಇದೆ, ದೊಡ್ಡ ಪ್ರಕಾಶಕರಿಗೆ ಪಟ್ಟಿ ಇದೆ. ಫೋಟೊದ ಹಕ್ಕು ಫೋಟೊ ತೆಗೆದವರದು, ಹಾಗಾಗಿ ಕಿನ್ನಾಳದ ಎತ್ತಿನ ರಾಯಧನ ಬಂದರೂ ಹೋಗುವುದು ಕ್ಯಾಮೆರಾ ಹಿಡಿದವರಿಗೆ. ಧಾಟಿಗೆ ರಾಯಧನ ಇಲ್ಲ, ಯಾಕೆಂದರೆ ಧಾಟಿಗೆ ಹಕ್ಕೇ ಇಲ್ಲ. ಇದನ್ನು ಸರಿಮಾಡಬೇಕಾದರೆ ಜಿಐ ಪಟ್ಟಿಯಲ್ಲಿರುವ ಕಸುಬುಗಳಿಗೆ ಆ ರಾಯಧನದಲ್ಲಿ ಒಂದು ಪಾಲು ಅಂತ ಮೊದಲೇ ಬರೆದಿಡಬೇಕು. ಹೆಸರು ಹೊಡೆದರೆ ಬರುತ್ತದೆ ಅಂದ ಮೇಲೆ ಲೆಕ್ಕ ಇಡುವುದೂ ಕಷ್ಟವಲ್ಲ. ಪ್ರಾಂಪ್ಟಿನಲ್ಲಿ ಕಿನ್ನಾಳ ಅಂತ ಎಷ್ಟು ಸಲ ಬಂತು ಎಂದು ಕಂಪನಿಯ ಕಂಪ್ಯೂಟರ್ ಎಣಿಸಬಲ್ಲದು.

ಜಾತ್ರೆ ಮುಗಿದ ಮೇಲೆ ಬಾಕಿ ಕೊಡಲು ಫ್ಲೆಕ್ಸ್ ಅಂಗಡಿಗೆ ಹೋದೆ. ಹುಡುಗನ ಸಿಟ್ಟು ಇಳಿದಿತ್ತು. ಇಷ್ಟೆಲ್ಲ ಅವನಿಗೆ ಹೇಳಲಿಲ್ಲ, ಕಿನ್ನಾಳಕ್ಕೆ ಹೋಗಿದ್ದೆ ಅಂತಷ್ಟೇ ಹೇಳಿದೆ. ಅವನಿಗೆ ಉತ್ಸಾಹ ಬಂತು. "ಹಂಗಾರ ಬರೂ ವರ್ಷ ಅವರ ಕಡಿಂದನ ಒಂದು ಬರಸ್ಕೊಂಡು ಬಂದು ಸ್ಕ್ಯಾನ್ ಮಾಡೂಣ್ರಿ ಸರ. ಆಗ ಯಾರಾರ ಎತ್ತಿದ್ರ ಹಿಡಿಯಾಕ ಬರ್ತೈತಿ, ಹೌದಿಲ್ರಿ?" ಹೌದು ಅಂದೆ, ಅವರ ಕಡೆಯಿಂದ ಬರವಣಿಗೆಯಲ್ಲಿ ಹಕ್ಕು ಬರೆಸಿಕೊಂಡರೆ. "ಎಷ್ಟು ತೊಗೊಂತಾರ್ರಿ?" ಕೇಳಿದ.

ನಾನು ಅಲ್ಲಿ ವಿಚಾರಿಸಿದ್ದ ರೇಟು ಹೇಳಿದೆ. ಎಷ್ಟು ದಿನ ಹಿಡಿಯುತ್ತದೆ ಅಂತಲೂ ಹೇಳಿದೆ. ಅವನು ತಲೆ ಕೆರೆದುಕೊಂಡು ಮಾನಿಟರ್ ಕಡೆ ತಿರುಗಿದ. ಯಾರದೋ ಮದುವೆ ಬ್ಯಾನರ್ ಅರ್ಧಕ್ಕೆ ನಿಂತಿತ್ತು.